ಗೋಬಿಯ ಗಾಳಿಗಿಂತ ಮೊದಲು ಉಲಾನ್‌ಬಾತರದ ಬಿಸಿನೀರು

ಸಂಪಾದಕರಿಗೆ ನಮಸ್ಕಾರ.

ಮಂಗೋಲಿಯದ ವಿದ್ಯುತ್ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ಒಂದೇ ಮಾತು ಕಾಣುತ್ತದೆ: ಗೋಬಿ ಮರುಭೂಮಿಯಲ್ಲಿ ಏಷ್ಯಾಕ್ಕೆಲ್ಲ ಸಾಲುವಷ್ಟು ಬಿಸಿಲು, ಗಾಳಿ ಇದೆ, ತಂತಿ ಎಳೆಯುವುದೊಂದೇ ಬಾಕಿ. ಬಿಸಿಲು, ಗಾಳಿ ಇರುವುದಂತೂ ನಿಜ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2001ರಲ್ಲಿ ತಯಾರಿಸಿದ ಗಾಳಿ ನಕ್ಷೆಯ ಪ್ರಕಾರ ಮಂಗೋಲಿಯದಲ್ಲಿ ಒಳ್ಳೆಯ ಗಾಳಿ ಬೀಸುವ ನೆಲವೇ 1,60,000 ಚದರ ಕಿಲೋಮೀಟರ್. ಚದರ ಕಿಲೋಮೀಟರಿಗೆ 7 ಮೆಗಾವಾಟ್ ಲೆಕ್ಕದಲ್ಲಿ 1,100 ಗಿಗಾವಾಟ್‌ಗೂ ಹೆಚ್ಚು ಗಾಳಿಯಂತ್ರಗಳನ್ನು ಅಲ್ಲಿ ನಿಲ್ಲಿಸಬಹುದು. 2011ರ ಫುಕುಶಿಮಾ ಪರಮಾಣು ದುರಂತದ ನಂತರ ಜಪಾನಿನ ಸಾಫ್ಟ್‌ಬ್ಯಾಂಕ್ ಕಂಪನಿಯ ಮಸಾಯೊಶಿ ಸನ್ ಮುಂದಿಟ್ಟ, ಹಲವು ದೇಶಗಳ ವಿದ್ಯುತ್ ಜಾಲ ಬೆಸೆಯುವ ಏಷ್ಯಾ ಮಹಾಜಾಲದ ಯೋಜನೆಗೂ ಈ ಗೋಬಿಯೇ ಆಧಾರವಾಗಿತ್ತು.

ಆದರೆ ಆ ದೇಶದ ನಿಜವಾದ ಇಕ್ಕಟ್ಟು ಇರುವುದು ಗೋಬಿಯಲ್ಲಲ್ಲ, ರಾಜಧಾನಿಯಲ್ಲಿ. 15.6 ಲಕ್ಷ ಚದರ ಕಿಲೋಮೀಟರ್ ನೆಲದಲ್ಲಿ ಸುಮಾರು 35 ಲಕ್ಷ ಜನ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಇದ್ದಾರೆ. ಜನವರಿಯ ರಾತ್ರಿ ಅಲ್ಲಿ ಉಷ್ಣಾಂಶ ಸೊನ್ನೆಯಿಂದ 30 ಡಿಗ್ರಿ ಕೆಳಗಿಳಿಯುವುದು ಮಾಮೂಲು. ದೇಶದಲ್ಲಿ ತಯಾರಾಗುವ ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲು ಕಲ್ಲಿದ್ದಲಿನದು. ಹೀಗಿರುವಾಗ ನವೀಕರಿಸಬಹುದಾದ ವಿದ್ಯುತ್ತಿಗೆ ಮೀಸಲಿಡುವ ಮುಂದಿನ ಹಣ ಹೊಸ ಸೌರ ಪಾರ್ಕುಗಳಿಗಿಂತ ಮೊದಲು ರಾಜಧಾನಿಯ ಬಿಸಿನೀರಿನ ವ್ಯವಸ್ಥೆಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣಗಳನ್ನು ಲೆಕ್ಕಸಮೇತ ಕೊಡುತ್ತೇನೆ.

ಮೊದಲು ಗುರಿಯನ್ನು ಅಳೆಯುವ ಕ್ರಮ ನೋಡೋಣ. 2015ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ ಇಂಧನ ನೀತಿ 2023ಕ್ಕೆ ಶೇ 20, 2030ಕ್ಕೆ ಶೇ 30 ನವೀಕರಿಸಬಹುದಾದ ವಿದ್ಯುತ್ ಎಂದಿತು. ಅದು ಸ್ಥಾಪಿತ ಸಾಮರ್ಥ್ಯದ ಪಾಲು, ಉತ್ಪಾದನೆಯಾದ ಯೂನಿಟ್‌ಗಳ ಪಾಲಲ್ಲ. 100 ಮೆಗಾವಾಟ್ ಸೌರ ಸ್ಥಾವರ ಶೇ 18ರ ಬಳಕೆ ಪ್ರಮಾಣದಲ್ಲಿ (ವರ್ಷವಿಡೀ ಪೂರ್ತಿ ಬಲದಲ್ಲಿ ಓಡಿದ್ದರೆ ಸಿಗುವುದರ ಶೇ 18) ವರ್ಷಕ್ಕೆ ಸುಮಾರು 15.8 ಕೋಟಿ ಯೂನಿಟ್ ಕೊಡುತ್ತದೆ. ಅದೇ 100 ಮೆಗಾವಾಟ್ ಕಲ್ಲಿದ್ದಲು ಘಟಕ ಶೇ 65ರಲ್ಲಿ ಓಡಿದರೆ 57 ಕೋಟಿ ಯೂನಿಟ್. ಸಾಮರ್ಥ್ಯದ ಗುರಿ ಮುಟ್ಟಿದರೂ ಕಲ್ಲಿದ್ದಲು ಅಷ್ಟೇ ಉರಿಯುತ್ತಿರಬಹುದು. ಯಾವ ಗಂಟೆಯಲ್ಲಿ ಎಷ್ಟು ಯೂನಿಟ್ ಎಂದು ಕೇಳದ ಗುರಿಯಿಂದ ಅಲ್ಲಿನ ಹೊಗೆ ಕಡಿಮೆಯಾಗುವುದಿಲ್ಲ.

ಈಗ ಬಿಸಿನೀರಿನ ವಿಚಾರ. ಉಲಾನ್‌ಬಾತರದ ದೊಡ್ಡ ಸ್ಥಾವರಗಳು ವಿದ್ಯುತ್ತಿನ ಜೊತೆಗೇ ಊರಿನ ಅಪಾರ್ಟ್‌ಮೆಂಟ್‌ಗಳಿಗೆ ಬಿಸಿನೀರನ್ನೂ ಕಳಿಸುತ್ತವೆ. ಇವುಗಳಲ್ಲಿ ದೊಡ್ಡದು 1980ರ ದಶಕದಲ್ಲಿ ಸೋವಿಯತ್ ನೆರವಿನಿಂದ ಎದ್ದ ನಾಲ್ಕನೇ ಸ್ಥಾವರ. ಟರ್ಬೈನಿನಲ್ಲಿ ಅರ್ಧ ಕೆಲಸ ಮುಗಿಸಿದ ಉಗಿಯನ್ನು ನಡುವೆಯೇ ಹೊರತೆಗೆದು ಅದರಿಂದ ನೀರು ಕಾಯಿಸುತ್ತಾರೆ. ಇಂಧನ ಉಳಿತಾಯಕ್ಕೆ ಇದು ಒಳ್ಳೆಯ ಏರ್ಪಾಡು. ತೊಡಕು ಬರುವುದು ರಾತ್ರಿ. ಮಧ್ಯರಾತ್ರಿ ಎರಡು ಗಂಟೆಗೆ ವಿದ್ಯುತ್ ಯಾರಿಗೂ ಹೆಚ್ಚು ಬೇಡ, ಆದರೆ ಚಳಿ ಆಗಲೇ ಹೆಚ್ಚು. ಮನೆಗಳಿಗೆ ಶಾಖ ಬೇಕೆಂದರೆ ಉಗಿ ಹರಿಯಲೇಬೇಕು, ಉಗಿ ಹರಿದರೆ ಟರ್ಬೈನ್ ತಿರುಗಿ ವಿದ್ಯುತ್ತೂ ಹುಟ್ಟುತ್ತದೆ. ಅದನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು. ಅದೇ ಹೊತ್ತಿಗೆ ಗಾಳಿ ಚೆನ್ನಾಗಿ ಬೀಸಿದರೆ ಬೇಡಿಕೆಗೆ ತಕ್ಕಂತೆ ಉತ್ಪಾದನೆ ಹೊಂದಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದವರಿಗೆ ಎರಡೇ ದಾರಿ: ಹೆಚ್ಚುವರಿಯನ್ನು ರಷ್ಯಾಕ್ಕೆ ಅಗ್ಗದಲ್ಲಿ ತಳ್ಳುವುದು, ಇಲ್ಲವೇ ಗಾಳಿಯಂತ್ರಗಳ ಉತ್ಪಾದನೆ ಕಡಿಮೆ ಮಾಡಿಸುವುದು. ಸಂಜೆ ಇದರ ತದ್ವಿರುದ್ಧ. ಐದರಿಂದ ಒಂಬತ್ತರವರೆಗೆ ಬೇಡಿಕೆ ತುತ್ತತುದಿಗೆ ಏರುತ್ತದೆ, ಆಗ ಅದೇ ರಷ್ಯಾದಿಂದ ದುಬಾರಿ ಬೆಲೆಗೆ ತರಿಸಿಕೊಳ್ಳಬೇಕು.

ಈ ಗಂಟನ್ನು ಬಿಡಿಸಲು ಬೇಕಾದ ಸಲಕರಣೆ ಬಹಳ ಸರಳ: ಚೆನ್ನಾಗಿ ಹೊದಿಕೆ ಹಾಕಿದ ದೊಡ್ಡ ನೀರಿನ ಟ್ಯಾಂಕು. ಲೆಕ್ಕ ಹೀಗೆ. 10,000 ಘನ ಮೀಟರ್ ನೀರು, ಬಿಸಿ ಮತ್ತು ತಣ್ಣನೆಯ ತುದಿಗಳ ನಡುವೆ 40 ಡಿಗ್ರಿ ಅಂತರ ಎಂದಿಟ್ಟುಕೊಂಡರೆ ಸುಮಾರು 465 ಮೆಗಾವಾಟ್ ಗಂಟೆ ಶಾಖ ಹಿಡಿಯುತ್ತದೆ. ರಾತ್ರಿ ತುಂಬಿಸಿ ಸಂಜೆಯ ನಾಲ್ಕು ಗಂಟೆಯಲ್ಲಿ ಬಿಟ್ಟರೆ 116 ಮೆಗಾವಾಟ್ ಶಾಖ. ಅಷ್ಟು ಹೊತ್ತು ಟರ್ಬೈನಿನಿಂದ ಆ ಪ್ರಮಾಣದ ಉಗಿಯನ್ನು ಹೊರತೆಗೆಯಬೇಕಿಲ್ಲ. ಅದು ಕೊನೆಯ ಹಂತದವರೆಗೆ ಹರಿದು ಐದಾರು ಪಾಲು ಶಾಖಕ್ಕೆ ಒಂದು ಪಾಲಿನಂತೆ ಸುಮಾರು 20 ಮೆಗಾವಾಟ್ ಹೆಚ್ಚುವರಿ ವಿದ್ಯುತ್ ಕೊಡುತ್ತದೆ. ರಾತ್ರಿಯ ಹೆಚ್ಚುವರಿ ಗಾಳಿ ವಿದ್ಯುತ್ತನ್ನು ವಿದ್ಯುತ್ತಿನಿಂದಲೇ ನೀರು ಕಾಯಿಸುವ ಎಲೆಕ್ಟ್ರೋಡ್ ಬಾಯ್ಲರಿನಲ್ಲಿ ಹಾಕಿ ಅದೇ ಟ್ಯಾಂಕಿಗೆ ಸೇರಿಸಿದರೆ ಗಾಳಿಯಂತ್ರ ನಿಲ್ಲಿಸುವ ಪ್ರಮೇಯವೂ ಕಡಿಮೆಯಾಗುತ್ತದೆ.

ಕಾಗದದ ಮೇಲೆ ಇಷ್ಟು ಸಲೀಸಾಗಿ ಕಾಣುವುದು ಕಟ್ಟುವಾಗ ಕೈಕೊಡುವ ಜಾಗಗಳಿವೆ. ಹೊರಬರುವ ಉಗಿಯನ್ನೆಲ್ಲ ಶಾಖಕ್ಕೇ ಬಿಡುವ ಬ್ಯಾಕ್‌ಪ್ರೆಶರ್ ಟರ್ಬೈನ್‌ಗೆ ಇದು ನಡೆಯದು, ಅದರಲ್ಲಿ ಉಗಿ ತಣಿಸಿ ನೀರಾಗಿಸುವ ಕಂಡೆನ್ಸರೇ ಇರುವುದಿಲ್ಲ. ಉಗಿಯನ್ನು ನಡುವೆ ಹೊರತೆಗೆಯುವ ಎಕ್ಸ್‌ಟ್ರಾಕ್ಷನ್ ಟರ್ಬೈನ್ ಆದರೂ ಕಡಿಮೆ ಒತ್ತಡದ ಭಾಗ, ಕಂಡೆನ್ಸರ್, ಜನರೇಟರ್ ಮೂರರಲ್ಲೂ ಆ ಹೆಚ್ಚುವರಿ ಹರಿವಿಗೆ ಜಾಗವಿದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಸೋವಿಯತ್ ಮಾದರಿಯ ಜಾಲದಲ್ಲಿ ಕೊರೆಯುವ ದಿನಗಳಂದು ನೀರು 100 ಡಿಗ್ರಿ ಮೀರಿ, ಒತ್ತಡದಲ್ಲಿ ಹರಿಯುತ್ತದೆ. ವಾತಾವರಣದ ಒತ್ತಡದಲ್ಲೇ ಇರುವ ಟ್ಯಾಂಕು ಆ ಎತ್ತರದ ಊರಿನಲ್ಲಿ ಸುಮಾರು 95 ಡಿಗ್ರಿ ದಾಟಲಾರದು. ಆದ್ದರಿಂದ ಟ್ಯಾಂಕಿನ ನೀರನ್ನು ಇನ್ನೊಂದು ಹೀಟರಿನಲ್ಲಿ ಕಾಯಿಸಿ ಮೇಲೆತ್ತಬೇಕು. ಇದನ್ನು ಮರೆತು ಕಟ್ಟಿದ ಟ್ಯಾಂಕು ಅತಿ ಅಗತ್ಯವಿರುವ ಹತ್ತಿಪ್ಪತ್ತು ದಿನಗಳಲ್ಲೇ ಪ್ರಯೋಜನಕ್ಕೆ ಬರುವುದಿಲ್ಲ.

ಟ್ಯಾಂಕಿನೊಳಗೆ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಲ್ಲಬೇಕು. ಅದಕ್ಕಾಗಿ ಮೇಲೊಂದು, ಕೆಳಗೊಂದು ಅಗಲವಾದ ಡಿಫ್ಯೂಸರ್ ಕೂರಿಸಿ ನೀರನ್ನು ತೀರಾ ನಿಧಾನವಾಗಿ ಒಳಬಿಡುತ್ತಾರೆ. ಪೈಪಿನ ಬಾಯಿಯಿಂದ ನೇರ ಬಿಟ್ಟರೆ ಎರಡೂ ಕಲಸಿಹೋಗಿ ಟ್ಯಾಂಕಿನ ತುಂಬ ಉಗುರುಬೆಚ್ಚಗಿನ ನೀರು ಉಳಿಯುತ್ತದೆ. ಶಾಖ ಅಷ್ಟೇ ಇದ್ದರೂ ಮನೆಗಳಿಗೆ ಕಳಿಸುವಷ್ಟು ಬಿಸಿ ಇರುವುದಿಲ್ಲ. ನೀರಿನ ಮೇಲ್ಭಾಗದ ಖಾಲಿ ಜಾಗವನ್ನು ಉಗಿ ಅಥವಾ ನೈಟ್ರೋಜನ್‌ನಿಂದ ತುಂಬಿಡಬೇಕು. ಗಾಳಿ ಸೇರಿತೋ, ಆಮ್ಲಜನಕ ನೀರಿಗಿಳಿದು ಇಡೀ ಊರಿನ ಕೊಳವೆಗಳನ್ನು ತುಕ್ಕು ತಿನ್ನುತ್ತದೆ.

ಸೌರ ಸ್ಥಾವರಗಳಿಂದ ಈ ಸಂಜೆಯ ಕೊರತೆ ನೀಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಡಿಸೆಂಬರಿನಲ್ಲಿ ಉಲಾನ್‌ಬಾತರ್‌ನ ಸೂರ್ಯ ಸಂಜೆ ಐದರ ಹೊತ್ತಿಗೇ ಮುಳುಗುತ್ತಾನೆ. ಬ್ಯಾಟರಿಯಿಲ್ಲದ ಸೌರ ಸ್ಥಾವರ ಚಳಿಗಾಲದ ತುತ್ತತುದಿಯ ಬೇಡಿಕೆಗೆ ಕೊಡುವುದು ಸೊನ್ನೆ. ಹಗಲಿನ ಕಲ್ಲಿದ್ದಲನ್ನು ಅದು ಉಳಿಸುತ್ತದೆ, ಆ ಮಟ್ಟಿಗೆ ಅದಕ್ಕೆ ಬೆಲೆಯಿದೆ. ದಾರ್ಖಾನ್‌ನಲ್ಲಿ 2017ರಲ್ಲಿ ಶುರುವಾದ 10 ಮೆಗಾವಾಟ್ ಸ್ಥಾವರದಿಂದ ಈಚೆಗೆ ಹಲವು ಕಡೆ ಫಲಕಗಳು ಬಂದಿವೆ.

ಇಂಥ ಚಳಿಯಲ್ಲಿ ಸೌರ ಸ್ಥಾವರ ವಿನ್ಯಾಸ ಮಾಡುವಾಗ ಬಿಸಿ ದೇಶದ ನಕ್ಷೆಯನ್ನು ಹಾಗೇ ಎತ್ತಿಡುವಂತಿಲ್ಲ. ಸಿಲಿಕಾನ್ ಫಲಕದ ತೆರೆದ ವೋಲ್ಟೇಜ್ (ಕರೆಂಟ್ ಎಳೆಯದಿದ್ದಾಗ ಇರುವ ವೋಲ್ಟೇಜ್) 25 ಡಿಗ್ರಿಗಿಂತ ಕೆಳಗಿನ ಪ್ರತಿ ಡಿಗ್ರಿಗೂ ಸುಮಾರು ಶೇ 0.3 ಏರುತ್ತದೆ. ಮೈನಸ್ 40ರಲ್ಲಿ ಅದು ಹತ್ತಿರ ಹತ್ತಿರ ಶೇ 20 ಹೆಚ್ಚು. ಲೇಬಲ್ಲಿನಲ್ಲಿ 50 ವೋಲ್ಟ್ ಎಂದಿರುವ ಫಲಕ 59.75 ವೋಲ್ಟ್ ತೋರಿಸುತ್ತದೆ. 1,500 ವೋಲ್ಟಿನ ಇನ್ವರ್ಟರಿಗೆ ಆಗ 25 ಫಲಕಗಳ ಸಾಲೇ ಗರಿಷ್ಠ. 28 ಜೋಡಿಸಿದರೆ 1,673 ವೋಲ್ಟ್. ಇನ್ವರ್ಟರ್ ಸುಡುವುದು ನಡುಹಗಲಲ್ಲಲ್ಲ, ರಾತ್ರಿಯೆಲ್ಲ ಹೆಪ್ಪುಗಟ್ಟಿದ ಫಲಕದ ಮೇಲೆ ಮೊದಲ ಬಿಸಿಲು ಬಿದ್ದ ಗಳಿಗೆಯಲ್ಲಿ. ಸಾಲುಗಳ ಅಂತರವೂ ಅಷ್ಟೇ ಮುಖ್ಯ. 48 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ 21ರ ನಡುಹಗಲಲ್ಲೂ ಸೂರ್ಯ ದಿಗಂತದಿಂದ 18.6 ಡಿಗ್ರಿ ಮಾತ್ರ ಮೇಲಿರುತ್ತಾನೆ. ಫಲಕದ ಮೇಲಂಚು ಕೆಳಂಚಿಗಿಂತ 2 ಮೀಟರ್ ಎತ್ತರವಿದ್ದರೆ ಅದರ ನೆರಳು ಆಗಲೇ 6 ಮೀಟರ್ ಚಾಚುತ್ತದೆ, ಬೆಳಿಗ್ಗೆ ಇನ್ನೂ ಉದ್ದ. ಪುಣ್ಯಕ್ಕೆ ಅಲ್ಲಿ ಜಾಗಕ್ಕೆ ಬರವಿಲ್ಲ.

ಗಾಳಿಯಂತ್ರಗಳಿಗೂ ಚಳಿಯ ಕಾಟ ತಪ್ಪಿಲ್ಲ. ಸಾಮಾನ್ಯ ಯಂತ್ರ ಮೈನಸ್ 20ರ ಆಸುಪಾಸಿನಲ್ಲೇ ತಾನಾಗಿ ನಿಲ್ಲುತ್ತದೆ. ಶೀತ ಪ್ರದೇಶಕ್ಕೆಂದೇ ಸಿದ್ಧಪಡಿಸಿದ್ದು ಮೈನಸ್ 30ರವರೆಗೆ ಓಡುತ್ತದೆ. ಗೇರ್‌ಬಾಕ್ಸಿನ ಎಣ್ಣೆಗೆ ಹೀಟರ್, ಗೋಪುರಕ್ಕೆ ಬೇರೆ ದರ್ಜೆಯ ಉಕ್ಕು, ಬೇರೆ ಗ್ರೀಸ್ ಎಲ್ಲವೂ ಆರ್ಡರ್ ಕೊಡುವಾಗಲೇ ನಮೂದಾಗಬೇಕು. ಲಾಭವೂ ಒಂದಿದೆ: 1,500 ಮೀಟರ್ ಎತ್ತರದಲ್ಲಿ ಮೈನಸ್ 30ರ ಗಾಳಿ 25 ಡಿಗ್ರಿಯ ಗಾಳಿಗಿಂತ ಶೇ 23ರಷ್ಟು ದಟ್ಟ, ಅಷ್ಟೇ ಪಾಲು ಹೆಚ್ಚು ಶಕ್ತಿ. ರಾಜಧಾನಿಯಿಂದ ಸುಮಾರು 70 ಕಿಲೋಮೀಟರ್ ದೂರದ ಸಲ್ಖಿತ್‌ನಲ್ಲಿ 2013ರಿಂದ ತಿರುಗುತ್ತಿರುವ 31 ಯಂತ್ರಗಳು, ಆಮೇಲೆ ಗೋಬಿಯ ತ್ಸೆತ್ಸಿ ಮತ್ತು ಸೈನ್‌ಶಾಂದ್‌ನಲ್ಲಿ ಬಂದ ಘಟಕಗಳು ಈ ಹವೆಯಲ್ಲಿ ಯಂತ್ರ ನಡೆಸಬಹುದೆಂದು ತೋರಿಸಿಕೊಟ್ಟಿವೆ. ಆದರೆ ಅಲ್ಲಿ ಗಾಳಿ ಜೋರಾಗಿ ಬೀಸುವ ಕಾಲ ವಸಂತ. ಬೇಡಿಕೆ ಏರುವುದು ಡಿಸೆಂಬರ್, ಜನವರಿಯಲ್ಲಿ.

ಬ್ಯಾಟರಿ? ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ 10 ಕೋಟಿ ಡಾಲರ್ ಸಾಲದಿಂದ ಕೈಗೆತ್ತಿಕೊಂಡ ಘಟಕದ ಸಾಮರ್ಥ್ಯ 80 ಮೆಗಾವಾಟ್, 200 ಮೆಗಾವಾಟ್ ಗಂಟೆ. ಎಂದರೆ ಪೂರ್ತಿ ಬಲದಲ್ಲಿ ಎರಡೂವರೆ ಗಂಟೆ, ಸಂಜೆಯ ನಾಲ್ಕು ಗಂಟೆಗಳ ಅವಧಿಗೆ ಹಂಚಿದರೆ 50 ಮೆಗಾವಾಟ್. ರಾಜಧಾನಿಯೂ ಸೇರಿದ ಕೇಂದ್ರ ವಿದ್ಯುತ್ ಜಾಲದ ಚಳಿಗಾಲದ ಬೇಡಿಕೆ 1,000 ಮೆಗಾವಾಟ್ ದಾಟಿ ಎಷ್ಟೋ ಕಾಲವಾಗಿದೆ. ಬ್ಯಾಟರಿಯ ನಿಜವಾದ ಉಪಯೋಗ ಜಾಲದ ಆವರ್ತನ (ಫ್ರೀಕ್ವೆನ್ಸಿ) ಏರುಪೇರಾಗದಂತೆ ಹಿಡಿದಿಡುವುದರಲ್ಲಿದೆ. ಈವರೆಗೆ ಆ ಕೆಲಸವನ್ನು ಹೆಚ್ಚಾಗಿ ರಷ್ಯಾದ ಜಾಲವೇ ಮಾಡಿಕೊಡುತ್ತಿತ್ತು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಕೋಶವನ್ನು ಚಾರ್ಜ್ ಮಾಡುವಂತಿಲ್ಲ, ಒಳಗೆ ಲೋಹದ ಲಿಥಿಯಂ ಕಟ್ಟಿಕೊಂಡು ಕೋಶ ಹಾಳಾಗುತ್ತದೆ. ಹಾಗಾಗಿ ಕಂಟೇನರನ್ನು ಚಳಿಗಾಲವಿಡೀ ಬೆಚ್ಚಗಿಡಬೇಕು. ಆ ವಿದ್ಯುತ್ತಿನ ಖರ್ಚನ್ನು ದಕ್ಷತೆಯ ಲೆಕ್ಕದಲ್ಲಿ ಹಿಡಿಯದ ವರದಿಯನ್ನು ನಂಬುವಂತಿಲ್ಲ.

ನಗರದ ಸುತ್ತಲಿನ ಗೆರ್ (ಅಲೆಮಾರಿಗಳ ದುಂಡು ಗುಡಾರ) ಬಡಾವಣೆಗಳಿಗೆ ಬಿಸಿನೀರಿನ ಕೊಳವೆ ಹೋಗಿಲ್ಲ. ಉಣ್ಣೆಯ ಫೆಲ್ಟ್ ಹೊದಿಸಿದ ಗೆರ್‌ಗಳಲ್ಲಿ, ಅಲ್ಲೇ ಕಟ್ಟಿಕೊಂಡ ಪುಟ್ಟ ಮನೆಗಳಲ್ಲಿ ಒಲೆಯೇ ಗತಿ. ಹೊಗೆ ತಗ್ಗಿಸಲು 2017ರಲ್ಲಿ ಅಲ್ಲಿ ರಾತ್ರಿಯ ವಿದ್ಯುತ್ ದರ ಮನ್ನಾ ಮಾಡಿದರು, 2019ರ ಮೇ ತಿಂಗಳಲ್ಲಿ ಕಚ್ಚಾ ಕಲ್ಲಿದ್ದಲು ನಿಷೇಧಿಸಿ ಇಟ್ಟಿಗೆಯಂತೆ ಒತ್ತಿದ ಇಂಧನ ಹಂಚಿದರು. ಎಲ್ಲರೂ ವಿದ್ಯುತ್ ಹೀಟರಿಗೆ ಬದಲಾಗಲಿ ಎನ್ನುವುದು ಸುಲಭ. ಆದರೆ ಮನೆಗೆ 4 ಕಿಲೋವಾಟ್ ಎಂದರೆ 250 ಕೆವಿಎ ಟ್ರಾನ್ಸ್‌ಫಾರ್ಮರ್ ಅರವತ್ತು ಮನೆಗೆ ಮುಗಿಯಿತು. ಎರಡು ಲಕ್ಷ ಮನೆ ಒಟ್ಟಿಗೆ ಸ್ವಿಚ್ ಹಾಕಿದರೆ 800 ಮೆಗಾವಾಟ್. ಮೊದಲು ಫೆಲ್ಟ್ ಪದರ ಹೆಚ್ಚಿಸಬೇಕು, ಬಾಗಿಲ ಸಂದು, ನೆಲ ಮುಚ್ಚಬೇಕು. ಆಮೇಲೆ ರಾತ್ರಿ ಶಾಖ ತುಂಬಿಕೊಂಡು ಸಂಜೆ ಬಿಡುವ ಇಟ್ಟಿಗೆ ಗೂಡಿನ ಹೀಟರ್ ಕೊಡಬೇಕು, ಅದೂ ಸಂಜೆ ಐದರಿಂದ ಒಂಬತ್ತರವರೆಗೆ ತಾನಾಗಿ ಆಫ್ ಆಗುವ ಟೈಮರ್ ಸಮೇತ. ಈ ಕ್ರಮ ಹಿಂದುಮುಂದಾದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಜನ ಮತ್ತೆ ಒಲೆಗೆ ಮರಳುತ್ತಾರೆ.

ರಾಜಧಾನಿ ಬಿಟ್ಟು ಹೊರಟರೆ ದೂರದ ಸಮಸ್ಯೆ. 21 ಐಮಗ್ (ಪ್ರಾಂತ್ಯ), ಅವುಗಳೊಳಗೆ ಸುಮಾರು 330 ಸುಮ್ (ತಾಲ್ಲೂಕಿನಂಥ ವಿಭಾಗ). ಬಹುತೇಕ ಸುಮ್ ಕೇಂದ್ರಗಳಿಗೆ ಈಗ ತಂತಿ ಮುಟ್ಟಿದೆ. ಹಿಂದೆ ಅಲ್ಲೆಲ್ಲ ಸಂಜೆ ಕೆಲವು ಗಂಟೆ ಡೀಸೆಲ್ ಜನರೇಟರ್ ಓಡಿಸುತ್ತಿದ್ದರು. 110 ಕೆವಿ ಮಾರ್ಗ ಲೋಡ್ ಇಲ್ಲದಾಗ ಪ್ರತಿ 100 ಕಿಲೋಮೀಟರಿಗೆ ಸುಮಾರು 3.3 ಎಂವಿಎಆರ್ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ವೋಲ್ಟೇಜ್ ಏರಿಸುವ ಶಕ್ತಿ) ತಾನೇ ಹುಟ್ಟಿಸುತ್ತದೆ, 220 ಕೆವಿ ಆದರೆ ಅದರ ನಾಲ್ಕರಷ್ಟು. ತುದಿಯಲ್ಲಿ ಎಳೆದುಕೊಳ್ಳುವವರು ಒಂದೆರಡು ಮೆಗಾವಾಟ್ ಮಾತ್ರವಾದಾಗ ವೋಲ್ಟೇಜ್ ಇಳಿಯುವ ಬದಲು ಏರಿ ಕೂರುತ್ತದೆ. ಅದನ್ನು ಹೀರುವ ತಂತಿ ಸುರುಳಿ, ಎಂದರೆ ರಿಯಾಕ್ಟರ್, ಹಾಕದೆ ಬಿಟ್ಟರೆ ಮನೆಗಳ ಟಿವಿ, ಫ್ರಿಜ್ ಸುಡುತ್ತವೆ. ಇಂಥ ತುದಿಗಳಲ್ಲಿ ಸಣ್ಣ ಸೌರ ಘಟಕ ಕೂರಿಸುವಾಗ ರಾತ್ರಿಯೂ ರಿಯಾಕ್ಟಿವ್ ಪವರ್ ಹೀರಬಲ್ಲ ಇನ್ವರ್ಟರನ್ನೇ ಆರಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ. ಟೆಂಡರಿನಲ್ಲಿ ಈ ಒಂದು ಸಾಲು ಇರಲೇಬೇಕು.

ಜನ ವಿರಳವಾದ ದೇಶಕ್ಕೆ ಹೊಂದುವ ನೀತಿ ಹೇಗಿರಬೇಕೆಂದು ಮಂಗೋಲಿಯವೇ ಒಮ್ಮೆ ತೋರಿಸಿದೆ. 2000ದಲ್ಲಿ ಶುರುವಾದ ಒಂದು ಲಕ್ಷ ಸೌರ ಗೆರ್ ಕಾರ್ಯಕ್ರಮ 2012ರ ಹೊತ್ತಿಗೆ 1,00,146 ಮನೆಗಳಿಗೆ ಫಲಕ ಮುಟ್ಟಿಸಿತು. ವಿಶ್ವಬ್ಯಾಂಕ್ ಕೈಜೋಡಿಸಿದ ಹಂತದಲ್ಲಿ ಸುಮ್‌ಗಳಲ್ಲಿ 50 ಮಾರಾಟ ಮತ್ತು ರಿಪೇರಿ ಕೇಂದ್ರಗಳನ್ನೂ ತೆರೆದರು. ಕುರಿ, ಆಡು, ಕುದುರೆಗಳ ಹಿಂದೆ ವರ್ಷಕ್ಕೆ ಹಲವು ಸಲ ಬಿಡಾರ ಎತ್ತುವ ದನಗಾಹಿಗಳಿಗೆ ತಂತಿ ಎಳೆಯುವ ಮಾತೇ ಇಲ್ಲ. 50 ವಾಟ್ ಫಲಕ ಚಳಿಗಾಲದಲ್ಲಿ, ಒಳ್ಳೆಯ ಕೋನದಲ್ಲಿ ನಿಲ್ಲಿಸಿದರೆ, ನಷ್ಟ ಕಳೆದು ದಿನಕ್ಕೆ 140 ವಾಟ್ ಗಂಟೆ ಕೊಟ್ಟೀತು. 5 ವಾಟಿನ ಎರಡು ಎಲ್‌ಇಡಿ ಐದು ಗಂಟೆಗೆ 50, ಪುಟ್ಟ ಟಿವಿ ಮೂರು ಗಂಟೆಗೆ 60, ಉಳಿದದ್ದು ಮೊಬೈಲಿಗೆ.

ಆ ಕಿಟ್‌ನಲ್ಲಿ ಮೊದಲು ಸಾಯುವುದು ಬ್ಯಾಟರಿ. ಪೂರ್ತಿ ಚಾರ್ಜ್ ಆದ ಸೀಸದ ಬ್ಯಾಟರಿಯ ದ್ರಾವಣ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು ಮೈನಸ್ 10ರ ಸುಮಾರಿಗೇ ಗಟ್ಟಿಯಾಗಿ ಡಬ್ಬಿ ಸೀಳುತ್ತದೆ. ಬಾಗಿಲ ಬಳಿ ನೆಲದ ಮೇಲಿಟ್ಟರೆ ಒಂದೇ ಚಳಿಗಾಲಕ್ಕೆ ಮುಗಿಯುತ್ತದೆ. ಮರದ ಹಲಗೆಯ ಮೇಲೆ, ಗೋಡೆಯಿಂದ ಸ್ವಲ್ಪ ಒಳಗೆ, ಒಲೆಯಿಂದ ದೂರ ಇಡಬೇಕು. ಇನ್ನೊಂದು ಅಪಾಯ ಕಂಟ್ರೋಲರ್. ಬ್ಯಾಟರಿ ಇಳಿದಾಗ ಅದು ಲೋಡ್ ಕಡಿದುಹಾಕುತ್ತದೆ. ಕೆಟ್ಟಿದೆಯೆಂದು ತಿಳಿದು ತಂತಿಯನ್ನು ನೇರ ಬ್ಯಾಟರಿಗೆ ಸುತ್ತಿದರೆ ಅದು ಪೂರ್ತಿ ಬರಿದಾಗಿ ಮೇಲೆ ಹೇಳಿದ ಗತಿಗೇ ಬರುತ್ತದೆ. ಲಾರಿಯ ಬ್ಯಾಟರಿ ಜೋಡಿಸುವುದೂ ಇಂಥದೇ ತಪ್ಪು. ಅದು ಒಂದು ಕ್ಷಣ ಹೆಚ್ಚು ಕರೆಂಟ್ ಕೊಡಲು ಮಾಡಿದ್ದು, ದಿನವೂ ಆಳಕ್ಕೆ ಇಳಿಸಲು ಮಾಡಿದ್ದಲ್ಲ. ಈ ನಾಲ್ಕು ಮಾತನ್ನು ಮನೆಮನೆಗೆ ಹೇಳುವ, ಬಿಡಿಭಾಗ ಇಟ್ಟುಕೊಂಡಿರುವ ಒಬ್ಬ ಮೆಕ್ಯಾನಿಕ್ ಪ್ರತಿ ಸುಮ್‌ನಲ್ಲಿ ಇರಬೇಕು. ಫಲಕಕ್ಕೆ ಸಬ್ಸಿಡಿ ಕೊಟ್ಟ ಸರ್ಕಾರ ಅವನ ಸಂಬಳಕ್ಕೂ ಹಣ ಎತ್ತಿಡಬೇಕು.

ದರದ ಬಗ್ಗೆ ಒಂದು ಮಾತು. 2007ರ ನವೀಕರಿಸಬಹುದಾದ ಇಂಧನ ಕಾಯ್ದೆ ಗಾಳಿಗೆ ಯೂನಿಟ್ಟಿಗೆ 8ರಿಂದ 9.5, ಸೌರಕ್ಕೆ 15ರಿಂದ 18 ಅಮೆರಿಕನ್ ಸೆಂಟ್ ಎಂದು ಡಾಲರಿನಲ್ಲಿ ನಿಗದಿ ಮಾಡಿತು. ಗ್ರಾಹಕ ಬಿಲ್ ಕಟ್ಟುವುದು ಅಲ್ಲಿನ ಕರೆನ್ಸಿ ತುಗ್ರಿಕ್‌ನಲ್ಲಿ. ಡಾಲರಿಗೆ 1,400 ತುಗ್ರಿಕ್ ಇದ್ದಾಗ 9.5 ಸೆಂಟ್ ಎಂದರೆ 133 ತುಗ್ರಿಕ್. 3,400 ಆದಾಗ 323. ಗಾಳಿಯ ಬೆಲೆ ಏರಲಿಲ್ಲ, ಕರೆನ್ಸಿ ಬಿತ್ತು, ಆದರೆ ಬೈಗುಳ ತಿಂದದ್ದು ಗಾಳಿಯಂತ್ರ. 2015ರಲ್ಲಿ ಈ ಹೊರೆಯನ್ನು ಗ್ರಾಹಕರ ಬಿಲ್ಲಿಗೆ ಸೇರಿಸಿದರು. 2019ರ ತಿದ್ದುಪಡಿ ಗರಿಷ್ಠ ದರವನ್ನು ಗಾಳಿಗೆ 8.5, ಸೌರಕ್ಕೆ 12 ಸೆಂಟಿಗೆ ಇಳಿಸಿ ಹರಾಜಿನ ದಾರಿ ಹಿಡಿಯಿತು. ಅದು ಸರಿಯಾದ ಹೆಜ್ಜೆ. ಇನ್ನು ಹರಾಜಿನಲ್ಲಿ ಸಂಜೆಯ ಯೂನಿಟ್ಟಿಗೂ ಮಧ್ಯರಾತ್ರಿಯ ಯೂನಿಟ್ಟಿಗೂ ಬೇರೆ ಬೇರೆ ದರ ಇಟ್ಟರೆ ಬ್ಯಾಟರಿ, ಟ್ಯಾಂಕು ಕಟ್ಟುವವರು ತಾವಾಗಿ ಮುಂದೆ ಬರುತ್ತಾರೆ.

ಜಲವಿದ್ಯುತ್ ಇದ್ದಿದ್ದರೆ ಈ ಕಷ್ಟಗಳಲ್ಲಿ ಅರ್ಧ ಇರುತ್ತಿರಲಿಲ್ಲ ಎನ್ನುವ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಎಗ್ ನದಿಯ 315 ಮೆಗಾವಾಟ್ ಅಣೆಕಟ್ಟೆಗೆ ರಷ್ಯಾದ ಆಕ್ಷೇಪವಿದೆ. ಆ ನೀರು ಸೆಲೆಂಗೆ ನದಿಯನ್ನು ಸೇರಿ ರಷ್ಯಾದ ಬೈಕಲ್ ಸರೋವರಕ್ಕೆ ಹೋಗುತ್ತದೆ. ಪಶ್ಚಿಮದ ಖೋವ್ದ್ ನದಿಯ ಎರ್ದೆನೆಬುರೆನ್ ಯೋಜನೆ 90 ಮೆಗಾವಾಟ್. ಅದು ಆ ಭಾಗದ ಆಮದು ಕಡಿಮೆ ಮಾಡೀತು, ರಾಜಧಾನಿಯ ಸಂಜೆಗೆ ಸಿಗುವುದಿಲ್ಲ. ಬಿಸಿನೀರಿನ ಟ್ಯಾಂಕಿಗೆ ನೆರೆ ದೇಶದ ಒಪ್ಪಿಗೆ ಬೇಕಿಲ್ಲ. ಬೇಕಾದದ್ದು ಕ್ಯಾಲೆಂಡರಿನ ಮೇಲೆ ಕಣ್ಣು: ಅಲ್ಲಿ ಮನೆ ಬಿಸಿ ಮಾಡುವ ಋತು ಸೆಪ್ಟೆಂಬರ್ 15ರಿಂದ ಮೇ 15ರವರೆಗೆ. ಮುಖ್ಯ ಕೊಳವೆ ಕತ್ತರಿಸಿ ಟ್ಯಾಂಕಿಗೆ ಜೋಡಿಸಲು ಸಿಗುವುದು ಉಳಿದ ನಾಲ್ಕೇ ತಿಂಗಳು. ಅಡಿಪಾಯ, ಟ್ಯಾಂಕಿನ ವೆಲ್ಡಿಂಗ್ ಮೊದಲ ಬೇಸಿಗೆಯಲ್ಲಿ, ಕೊಳವೆ ಜೋಡಣೆ ಮತ್ತು ಒತ್ತಡ ಪರೀಕ್ಷೆ ಎರಡನೆಯದರಲ್ಲಿ ಎಂದು ಈಗಲೇ ಬರೆದಿಡಬೇಕು. ದೊಡ್ಡ ವಾಲ್ವ್‌ಗಳ ಆರ್ಡರ್ ಚಳಿಗಾಲದಲ್ಲೇ ಹೋಗಬೇಕು. ಅವು ಆಗಸ್ಟಿನಲ್ಲಿ ಬಂದರೆ ಜೋಡಣೆ ಮುಂದಿನ ವರ್ಷಕ್ಕೆ ಬೀಳುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ವಿದ್ಯುತ್ ಎಂಜಿನಿಯರ್